ಸೆಪ್ಟೆಂಬರ್ 17: ದಿನಕ್ಕೆ ಹೆಸರು ನಾಲ್ಕು, ಸತ್ತವರಿಗೆ ಲೆಕ್ಕವೇ ಇಲ್ಲ

ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿ ಮಾನೋಪಾಡು ಅಂತ ಒಂದು ಊರುಂಟು. ಕಾಚಿಗುಡದಿಂದ ಕರ್ನೂಲಿಗೆ ಹೋಗುವ ರೈಲು ಗದ್ವಾಲ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ. ಎರಡು ನದಿಗಳ ನಡುವಿನ ಈ ನೆಲವನ್ನು ಅಲ್ಲಿನವರು 'ನಡಿಗಡ್ಡ' ಅಂತಾರೆ. ಕರಾವಳಿಯ ಓದುಗರಿಗೆ ಈ ಹೆಸರು ಹೊಸದಾಗಿರಬಹುದು. ಆದರೆ 1956ರ ಅಕ್ಟೋಬರ್ 31ರ ತನಕ ಈ ಊರು ಆಲಂಪುರ ತಾಲೂಕಿನ ಜೊತೆ ರಾಯಚೂರು ಜಿಲ್ಲೆಯಲ್ಲಿತ್ತು. ಮರುದಿನ ಭಾಷಾವಾರು ರಾಜ್ಯಗಳು ಬಂದವು. ರಾಯಚೂರು ಮೈಸೂರಿಗೆ ಬಂತು, ಆಲಂಪುರ ಮತ್ತು ಗದ್ವಾಲ ತಾಲೂಕುಗಳು ಆಂಧ್ರಕ್ಕೆ ಹೋದವು.

ಮಾನೋಪಾಡಿನಲ್ಲಿ ಈಗ 85 ದಾಟಿದ ಒಬ್ಬ ಅಜ್ಜ ಇದ್ದಾರೆ ಅಂತಿಟ್ಟುಕೊಳ್ಳಿ. ಮನೆ ಬದಲಿಸದೆಯೇ ಅವರು ನಿಜಾಮನ ಹೈದರಾಬಾದ್ ಸಂಸ್ಥಾನ, ಭಾರತದ ಹೈದರಾಬಾದ್ ರಾಜ್ಯ, ಆಂಧ್ರಪ್ರದೇಶ, ತೆಲಂಗಾಣ ಹೀಗೆ ನಾಲ್ಕು ಸರಕಾರ ಕಂಡಿದ್ದಾರೆ. ಅವರ ಜಿಲ್ಲೆಯ ಹೆಸರು ರಾಯಚೂರು ಹೋಗಿ ಮಹಬೂಬ್‌ನಗರ ಆಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಆಯಿತು.

ಪ್ರತಿ ವರ್ಷ ಸೆಪ್ಟೆಂಬರ್ 17 ಬಂದಾಗ ಇನ್ನೊಂದು ವಿಚಿತ್ರ ಕಾಣ್ತದೆ. ಗದ್ವಾಲದಲ್ಲಿ ರಾಜ್ಯ ಸರಕಾರದ ಕಡೆಯಿಂದ 'ಪ್ರಜಾಪಾಲನಾ ದಿನೋತ್ಸವ'. ಇದಕ್ಕೆ ಮೊದಲಿನ ಸರಕಾರ ಇದೇ ದಿನವನ್ನು 'ಜಾತೀಯ ಸಮೈಕ್ಯತಾ ದಿನ' ಅಂದಿತ್ತು. ಕೇಂದ್ರ ಸರಕಾರ 2024ರಲ್ಲಿ ಅಧಿಸೂಚನೆ ಹೊರಡಿಸಿ ಇದನ್ನು 'ಹೈದರಾಬಾದ್ ವಿಮೋಚನಾ ದಿನ' ಅಂತ ಗಟ್ಟಿ ಮಾಡಿದೆ. ಪಕ್ಕದ ರಾಯಚೂರಿಗೆ ಬಂದರೆ 'ಕಲ್ಯಾಣ ಕರ್ನಾಟಕ ಉತ್ಸವ'. ನಾಂದೇಡ, ಲಾತೂರ್ ಕಡೆ ಹೋದರೆ 'ಮರಾಠವಾಡ ಮುಕ್ತಿ ಸಂಗ್ರಾಮ ದಿನ'. ತುಂಗಭದ್ರಾ ದಾಟಿ ಕರ್ನೂಲಿಗೆ ಹೋದರೆ ಅಲ್ಲಿ ಏನೂ ಇಲ್ಲ, ಮಾಮೂಲಿ ದಿನ. ಯಾಕೆಂದರೆ ಕರ್ನೂಲು ಆಗ ಮದ್ರಾಸಿನಲ್ಲಿತ್ತು, ನಿಜಾಮನ ಕೈಯಲ್ಲಿರಲಿಲ್ಲ.

ಒಂದೇ ದಿನಕ್ಕೆ ಈಗ ನಾಲ್ಕು ಹೆಸರು ಚಲಾವಣೆಯಲ್ಲಿವೆ. ಹೆಸರಿನ ಬಗ್ಗೆ ಇಷ್ಟು ಜಗಳ ಯಾಕೆ ಅಂತ ಕೇಳಿದರೆ ಉತ್ತರ ಸುಲಭ: ಆ ದಿನದ ಹಿಂದೆ ಮತ್ತು ಮುಂದೆ ಸತ್ತವರ ಲೆಕ್ಕವನ್ನು ಯಾರೂ ಪೂರ್ತಿ ಬರೆದಿಲ್ಲ. ಅರ್ಧ ಬರೆದ ಲೆಕ್ಕ ಇದ್ದಲ್ಲಿ ಯಾರು ಬೇಕಾದರೂ ಬಂದು ತಮಗೆ ಬೇಕಾದ ಸಂಖ್ಯೆ ಸೇರಿಸಬಹುದು.

ಸೆಪ್ಟೆಂಬರ್ 17ಕ್ಕೆ ಮೊದಲು

ಮೊದಲ ಭಾಗವನ್ನು ಮುಚ್ಚಿಡುವುದು ಬೇಡ. ಹೈದರಾಬಾದ್ ದೇಶದ ಅತಿ ದೊಡ್ಡ ಸಂಸ್ಥಾನಗಳಲ್ಲಿ ಒಂದು. 16 ಜಿಲ್ಲೆಗಳು. ಅದರಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು ಕನ್ನಡದ ಜಿಲ್ಲೆಗಳು. ಪ್ರಜೆಗಳಲ್ಲಿ ಬಹುಸಂಖ್ಯಾತರು ಹಿಂದೂಗಳು, ಆಡಳಿತದ ಭಾಷೆ ಉರ್ದು, ಚುನಾಯಿತ ಸರಕಾರ ಎಂಬುದು ಇರಲೇ ಇಲ್ಲ. ಜಹಗೀರುಗಳು, ದೇಶಮುಖರು, ಸಂಬಳವಿಲ್ಲದ ಬಿಟ್ಟಿ ಚಾಕರಿ ಇವುಗಳ ಅಡಿಯಲ್ಲಿ ರೈತರು ನಲುಗಿದ್ದರು. ಈ ಜಮೀನ್ದಾರರಲ್ಲಿ ಹಿಂದೂಗಳೂ ತುಂಬಾ ಇದ್ದರು, ಮುಸ್ಲಿಮರೂ ಇದ್ದರು. ನಲುಗಿದ ರೈತರಲ್ಲೂ ಹಾಗೆಯೇ. ತೆಲಂಗಾಣದಲ್ಲಿ ವಿಸ್ನೂರು ದೇಶಮುಖನ ವಿರುದ್ಧ ನಿಂತು ಜೀವ ಕಳೆದುಕೊಂಡ ಶೇಖ್ ಬಂದಗಿ ಒಬ್ಬ ಬಡ ಮುಸ್ಲಿಂ ರೈತ. 1946ರ ಜುಲೈಯಲ್ಲಿ ಅದೇ ದೇಶಮುಖನ ಜನರ ಗುಂಡಿಗೆ ಬಲಿಯಾದವರು ದೊಡ್ಡಿ ಕೊಮರಯ್ಯ. ಶೋಷಣೆಗೆ ಧರ್ಮ ಇರಲಿಲ್ಲ ಅನ್ನುವುದಕ್ಕೆ ಈ ಎರಡು ಹೆಸರು ಸಾಕು.

1947ರಲ್ಲಿ ದೇಶ ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದ ಮಾತ್ರ ಆಯಿತು. ಅದೇ ಹೊತ್ತಿಗೆ ಲಾತೂರಿನ ವಕೀಲ ಖಾಸಿಂ ರಜ್ವಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್‌ನ ನಾಯಕನಾಗಿ 'ರಜಾಕಾರ' ಪಡೆಯನ್ನು ಬೆಳೆಸಿದ. ರಜಾಕಾರ ಅಂದರೆ ಸ್ವಯಂಸೇವಕ ಅಷ್ಟೇ. ಆದರೆ ಹಳ್ಳಿಯ ಜನರಿಗೆ ಆ ಪದದ ಅರ್ಥ ಬೇರೆಯೇ ಆಯಿತು. ಊರಿಗೆ ಬಂದು ತಿಂಗಳ ಹಣ ಕೇಳುವುದು, ಕೊಟ್ಟರೆ ಸುಮ್ಮನೆ ಹೋಗುವುದು, ಕೊಡದಿದ್ದರೆ ಲೂಟಿ, ಬೆಂಕಿ, ಕೊಲೆ, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಅಂತ ಹೇಳಲಾಗುತ್ತದೆ. ಅದೇ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಈಗಿನ ಎಐಸಿಸಿ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸಹೋದರಿ ತೀರಿಕೊಂಡರು. ಚಿಕ್ಕ ಹುಡುಗನನ್ನು ಎತ್ತಿಕೊಂಡು ತಂದೆ ಗುಲ್ಬರ್ಗಾಕ್ಕೆ ಬಂದರು.

ಇದಕ್ಕೆ ಎದುರಾಗಿ ನಿಂತವರಲ್ಲಿ ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಇತ್ತು, ಕಮ್ಯುನಿಸ್ಟರಿದ್ದರು, ಮುಂಡರಗಿ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಯವರಿದ್ದರು. ಮುಸ್ಲಿಮರೂ ಇದ್ದರು, ಇದನ್ನು ಮಾತ್ರ ಯಾರೂ ಜಾಸ್ತಿ ಹೇಳುವುದಿಲ್ಲ. ಕವಿ ಮಖ್ದೂಮ್ ಮೊಹಿಯುದ್ದೀನ್ ನಿಜಾಮನ ವಿರುದ್ಧದ ರೈತ ಹೋರಾಟದ ಮುಂಚೂಣಿಯಲ್ಲಿದ್ದರು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಟೀಕಿಸಿ, ಹೈದರಾಬಾದ್ ಭಾರತಕ್ಕೆ ಸೇರಬೇಕು ಅಂತ ಬರೆಯುತ್ತಿದ್ದರು. ಇದೇ ಮಾತು ಹೇಳಿದ ಏಳು ಮುಸ್ಲಿಂ ಗಣ್ಯರ ಹೇಳಿಕೆಯನ್ನೂ ಛಾಪಿಸಿದರು. 1948ರ ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಬರುವಾಗ ಅವರ ಮೇಲೆ ದಾಳಿಯಾಯಿತು, ಬೆಳಗಾಗುವುದರೊಳಗೆ ಪ್ರಾಣ ಹೋಯಿತು. ತನ್ನವರ ವಿರುದ್ಧವೇ ಆದರೂ ಸತ್ಯಕ್ಕೆ ಸಾಕ್ಷಿಯಾಗಬೇಕು ಅಂತ ಮದ್ರಸದಲ್ಲಿ ಕಲಿಯುವ ಪಾಠವನ್ನು ಜೀವ ಕೊಟ್ಟು ಪಾಲಿಸಿದ ಈ ಪತ್ರಕರ್ತನ ಹೆಸರು ಕರಾವಳಿಯ ಎಷ್ಟು ಯುವಕರಿಗೆ ಗೊತ್ತುಂಟು?

ಸೆಪ್ಟೆಂಬರ್ 17ರ ನಂತರ

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. ಹೆಸರು 'ಪೊಲೀಸ್ ಕಾರ್ಯಾಚರಣೆ', ಸೇನೆಯ ಕಡತದಲ್ಲಿ 'ಆಪರೇಷನ್ ಪೋಲೊ'. ಐದು ದಿನಕ್ಕೆ ಮುಗಿಯಿತು. 17ರಂದು ನಿಜಾಮ ಕದನವಿರಾಮ ಘೋಷಿಸಿದ, ಮರುದಿನ ಆತನ ಸೇನಾಧಿಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದ.

ಶಾಲೆಯ ಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗೀತದೆ. ಹಳ್ಳಿಗಳಲ್ಲಿ ಮಾತ್ರ ಆಗ ಶುರುವಾಯಿತು. ರಜಾಕಾರರು ಮಾಡಿದ್ದಕ್ಕೆ ಸೇಡು ಅಂತ ಹೇಳಿಕೊಂಡು ಸಾಮಾನ್ಯ ಮುಸ್ಲಿಮರ ಮೇಲೆ ದಾಳಿ ನಡೆಯಿತು. ಸುದ್ದಿ ದಿಲ್ಲಿಗೆ ಮುಟ್ಟಿದಾಗ ಪ್ರಧಾನಿ ನೆಹರೂ ಒಂದು ತಂಡ ಕಳಿಸಿದರು. ಪಂಡಿತ್ ಸುಂದರ್‌ಲಾಲ್, ಖಾಜಿ ಅಬ್ದುಲ್ ಗಫ್ಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್ 21ರ ತನಕ ಅವರು 9 ಜಿಲ್ಲೆ ಸುತ್ತಿದರು. 7 ಜಿಲ್ಲಾ ಕೇಂದ್ರ, 21 ಪಟ್ಟಣ, 23 ಹಳ್ಳಿ ನೋಡಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು.

ಅವರ ವರದಿಯ ಲೆಕ್ಕ ಹೀಗಿದೆ: ಇಡೀ ರಾಜ್ಯದಲ್ಲಿ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರು. ಅತಿ ಹೆಚ್ಚು ಹೊಡೆತ ತಿಂದ ಜಿಲ್ಲೆಗಳು ನಾಲ್ಕು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲದ ಸಾವು. ಅಂದರೆ ಇದು ಎಲ್ಲೋ ದೂರದ ಕಥೆಯಲ್ಲ, ಇವತ್ತಿನ ಕರ್ನಾಟಕದ ಎರಡು ಜಿಲ್ಲೆಗಳು ಆ ಪಟ್ಟಿಯ ಮೇಲ್ಭಾಗದಲ್ಲಿವೆ. ಬೇರೆ ಅಂದಾಜುಗಳೂ ಉಂಟು. ಕೆಲವು ಸಾವಿರ ಅನ್ನುವವರಿಂದ ಹಿಡಿದು 2 ಲಕ್ಷ ಅನ್ನುವವರ ತನಕ. ಸರಕಾರ ಕೂತು ಊರೂರು ಎಣಿಸಿದ ಪಟ್ಟಿ ಇಲ್ಲದಿದ್ದರೆ ಹೀಗೇ ಆಗುವುದು.

ಆ ವರದಿಯಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ರಜಾಕಾರರ ದೌರ್ಜನ್ಯವನ್ನು ಅದು ಮುಚ್ಚಿಡಲಿಲ್ಲ. ಹಿಂಸೆಯ ಹಿನ್ನೆಲೆ ಅದೇ ಅಂತ ಸ್ಪಷ್ಟವಾಗಿ ಬರೆಯಿತು. ಎರಡು, ಕೆಲವು ಕಡೆ ಸೇನೆ ಮತ್ತು ಪೊಲೀಸರೇ ಲೂಟಿಗೆ ಕುಮ್ಮಕ್ಕು ಕೊಟ್ಟರು, ಕೆಲವು ಕಡೆ ಪಾಲ್ಗೊಂಡರು ಅಂತಲೂ ಬರೆಯಿತು. ಹಲವು ಅಧಿಕಾರಿಗಳು ಒಳ್ಳೆಯ ರೀತಿ ನಡೆದುಕೊಂಡದ್ದನ್ನೂ ದಾಖಲಿಸಿತು. ಮೂರು, ತಮ್ಮ ಮುಸ್ಲಿಂ ನೆರೆಯವರನ್ನು ಜೀವದ ಹಂಗು ತೊರೆದು ಉಳಿಸಿದ ಹಿಂದೂಗಳ ಬಗ್ಗೆ ಹೇಳಿತು. ಅದರಲ್ಲೂ ಮಗ್ಗದ ನೇಕಾರರು ತಮ್ಮ ಜೊತೆಗಾರ ಮುಸ್ಲಿಂ ನೇಕಾರರನ್ನು ರಕ್ಷಿಸಲು ಹೋಗಿ ತಾವೇ ಪ್ರಾಣ ಕೊಟ್ಟ ಉದಾಹರಣೆಗಳಿದ್ದವು. ಒಟ್ಟಿಗೆ ದುಡಿದವರು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ.

ಇಷ್ಟು ಸಮತೋಲನದ ವರದಿಗೆ ಏನಾಯಿತು? ಗೃಹ ಸಚಿವ ಸರ್ದಾರ್ ಪಟೇಲರು ಅದನ್ನು ಒಪ್ಪಲಿಲ್ಲ. ಪ್ರಕಟಣೆ ಆಗಲಿಲ್ಲ. ದಶಕಗಳ ಕಾಲ ಕಡತದಲ್ಲೇ ಉಳಿಯಿತು. ಸಂಶೋಧಕರ ಮತ್ತು ಎ.ಜಿ. ನೂರಾನಿಯಂಥ ಬರಹಗಾರರ ಪ್ರಯತ್ನದಿಂದ ಅದರ ಭಾಗಗಳು ಹೊರಬಂದವು. 2013ರ ಹೊತ್ತಿಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ನೋಡಲು ಸಿಕ್ಕಿತು. ಅಂದರೆ 65 ವರ್ಷ. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು.

ದೊಡ್ಡವರ ಲೆಕ್ಕ ಚುಕ್ತಾ, ಸಣ್ಣವರದ್ದು ಬಾಕಿ

ಕೊನೆಗೆ ಯಾರಿಗೆ ಏನಾಯಿತು ಅಂತ ನೋಡಿದರೆ ಇಡೀ ವಿಷಯ ಅರ್ಥವಾಗ್ತದೆ. ನಿಜಾಮ 1950ರ ಜನವರಿ 26ರಿಂದ 1956ರ ತನಕ ಅದೇ ರಾಜ್ಯದ ರಾಜಪ್ರಮುಖನಾಗಿದ್ದ, ರಾಜಧನವೂ ಸಿಕ್ಕಿತು. ಪ್ರಧಾನಿಯಾಗಿದ್ದ ಮೀರ್ ಲಾಯಕ್ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು 1950ರಲ್ಲಿ ಪಾಕಿಸ್ತಾನ ಸೇರಿದ. ಖಾಸಿಂ ರಜ್ವಿ ಜೈಲಿನಲ್ಲಿದ್ದು 1957ರಲ್ಲಿ ಬಿಡುಗಡೆಯಾಗಿ ಕರಾಚಿಗೆ ಹೋದ, 1970ರಲ್ಲಿ ಅಲ್ಲೇ ಸತ್ತ. ಜಹಗೀರು ರದ್ದಾದಾಗ ಜಹಗೀರುದಾರರಿಗೆ ಪರಿಹಾರ ನಿಗದಿಯಾಯಿತು. ಗೋರಟಾದಲ್ಲಿ ಸತ್ತ ರೈತನ ಮನೆಗೆ, ಗುಲ್ಬರ್ಗಾದ ಹಳ್ಳಿಯಲ್ಲಿ ಬಾವಿಗೆ ಬಿದ್ದು ಸತ್ತ ಹೆಂಗಸಿನ ಮನೆಗೆ, ಕೆಲಸ ಕಳೆದುಕೊಂಡ ಉರ್ದು ಗುಮಾಸ್ತನ ಮನೆಗೆ ಏನು ಸಿಕ್ಕಿತು? ಹಿಂಸೆಗೆ ಆಜ್ಞೆ ಕೊಟ್ಟವರು ಮೇಲಿನಿಂದ ಮೇಲೆ ರಾಜಿ ಮಾಡಿಕೊಂಡರು, ಬಿಲ್ಲು ಬಂದದ್ದು ಬಡವರ ಮನೆಗೆ.

ಸ್ಪೇನ್ ಏನು ಮಾಡಿತು

ಇಂಥದ್ದೇ ಬಾಕಿ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಹೊತ್ತುಕೊಂಡ ದೇಶ ಸ್ಪೇನ್. 1936ರ ಜುಲೈಯಲ್ಲಿ ಚುನಾಯಿತ ಗಣರಾಜ್ಯದ ವಿರುದ್ಧ ಸೇನೆಯ ಒಂದು ಭಾಗ ದಂಗೆಯೆದ್ದಿತು. ಮೂರು ವರ್ಷ ಅಂತರ್ಯುದ್ಧ. 1939ರ ಏಪ್ರಿಲ್‌ನಲ್ಲಿ ಜನರಲ್ ಫ್ರಾಂಕೊ ಗೆದ್ದ, 1975ರ ನವೆಂಬರ್ 20ರಂದು ಸಾಯುವ ತನಕ ಸರ್ವಾಧಿಕಾರಿಯಾಗಿ ಆಳಿದ. ಎರಡೂ ಕಡೆಯವರು ಕೊಂದಿದ್ದರು. ಗಣರಾಜ್ಯದ ಕಡೆಯಲ್ಲಿ ಸಾವಿರಾರು ಪಾದ್ರಿಗಳ ಹತ್ಯೆಯೂ ಆಗಿತ್ತು. ಆದರೆ ಗೆದ್ದವರ ಸತ್ತವರಿಗೆ ಸುಮಾರು 40 ವರ್ಷ ಸ್ಮಾರಕ, ಗೌರವ, ಪಿಂಚಣಿ ಸಿಕ್ಕಿತು. ಸೋತವರ ಸತ್ತವರು ರಸ್ತೆ ಬದಿಯ ಹೊಂಡಗಳಲ್ಲಿ, ಸ್ಮಶಾನದ ಗೋಡೆಯ ಬುಡದಲ್ಲಿ ಹೆಸರಿಲ್ಲದೆ ಉಳಿದರು. ಹೀಗೆ ಕಾಣೆಯಾದವರ ಸಂಖ್ಯೆ ಒಂದು ಲಕ್ಷಕ್ಕೂ ಮೇಲೆ.

ಫ್ರಾಂಕೊ ಸತ್ತ ಮೇಲೆ ಅಲ್ಲಿನ ಪಕ್ಷಗಳು 'ಹಳೆಯದನ್ನು ಕೆದಕುವುದು ಬೇಡ' ಅಂತ ಒಪ್ಪಿಕೊಂಡವು. 1977ರಲ್ಲಿ ಕ್ಷಮಾದಾನದ ಕಾನೂನು ಬಂತು. ರಾಜಕೀಯ ಕೈದಿಗಳು ಹೊರಬಂದರು, ಅದರ ಜೊತೆಗೆ ಹಿಂಸೆ ಕೊಟ್ಟ ಅಧಿಕಾರಿಗಳೂ ಬಚಾವಾದರು. ಪ್ರಜಾಪ್ರಭುತ್ವ ಗಟ್ಟಿಯಾಗಲು ಅದು ಆಗ ಬೇಕಿತ್ತು ಅಂತ ಹೇಳುವವರು ಇಂದಿಗೂ ಇದ್ದಾರೆ. ಆದರೆ ಮರೆವು ಶಾಶ್ವತವಾಗಲಿಲ್ಲ. ಮಕ್ಕಳು ಹೆದರಿ ಸುಮ್ಮನಿದ್ದರು, ಮೊಮ್ಮಕ್ಕಳು ಕೇಳಿದರು. 2000ದಲ್ಲಿ ಎಮಿಲಿಯೊ ಸಿಲ್ವಾ ಎಂಬ ಪತ್ರಕರ್ತ ತನ್ನ ಅಜ್ಜನ ಶವ ಹುಡುಕುತ್ತಾ ಒಂದು ಹಳ್ಳಿಯ ಹೊಂಡ ತೆಗೆಸಿದ. ಅಲ್ಲಿಂದ ಒಂದು ಚಳವಳಿಯೇ ಹುಟ್ಟಿತು. 2007ರಲ್ಲಿ ಐತಿಹಾಸಿಕ ಸ್ಮೃತಿ ಕಾನೂನು ಬಂತು. 2019ರ ಅಕ್ಟೋಬರ್ 24ರಂದು ಫ್ರಾಂಕೊನ ಶವಪೆಟ್ಟಿಗೆಯನ್ನೇ ಸರಕಾರಿ ಸ್ಮಾರಕದಿಂದ ಹೊರಗೆ ಸಾಗಿಸಲಾಯಿತು. 2022ರ ಹೊಸ ಕಾನೂನಿನ ಪ್ರಕಾರ ಸತ್ತವರನ್ನು ಹುಡುಕುವುದು ಕುಟುಂಬದ ಖರ್ಚಲ್ಲ, ಸರಕಾರದ ಜವಾಬ್ದಾರಿ. ಡಿಎನ್‌ಎ ಬ್ಯಾಂಕ್ ಕೂಡ ಅದರಲ್ಲಿ ಸೇರಿದೆ.

ಅಲ್ಲಿ ಎಲ್ಲವೂ ಸುಸೂತ್ರ ಅಂತಲ್ಲ. ಬಲಪಂಥೀಯರು ಇದನ್ನು ಸೇಡಿನ ರಾಜಕೀಯ ಅಂತಾರೆ. ಅರಗೋನ್ ಪ್ರಾಂತ್ಯ ತನ್ನ ಸ್ಮೃತಿ ಕಾನೂನನ್ನು 2024ರಲ್ಲಿ ರದ್ದು ಮಾಡಿತು. ಸರಕಾರ ಬದಲಾದಂತೆ ಸತ್ತವರ ಬೆಲೆಯೂ ಬದಲಾಗುವುದು ಅಲ್ಲೂ ಉಂಟು. ಆದರೆ ಒಂದು ಪಾಠ ಸ್ಪಷ್ಟ: ಸತ್ತವರಿಗೆ ಹೆಸರು ಕೊಟ್ಟು ಮನೆಯವರ ಕೈಗೆ ಒಪ್ಪಿಸಿದಲ್ಲಿ ಜಗಳ ಹೆಚ್ಚಾಗಲಿಲ್ಲ, ಅಳು ಮುಗಿಯಿತು.

ಮುಸ್ಲಿಂ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿ ಆ ಯುದ್ಧದಲ್ಲುಂಟು. ಫ್ರಾಂಕೊನ ಪಡೆಯಲ್ಲಿ ಮೊರೊಕ್ಕೊದಿಂದ ತಂದ ಸಾವಿರಾರು ಮುಸ್ಲಿಂ ಸೈನಿಕರಿದ್ದರು. ಹೆಚ್ಚಿನವರು ಹೊಟ್ಟೆಪಾಡಿಗೆ ಬಂದ ಬಡವರು. ಅವರಿಂದ ಕ್ರೌರ್ಯ ಮಾಡಿಸಿದ್ದು ಒಬ್ಬ ಕ್ಯಾಥೊಲಿಕ್ ಜನರಲ್. ಆದರೂ ಸ್ಪೇನಿನ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಉಳಿದದ್ದು 'ಮೂರರು' ಬಂದರು ಎಂಬ ಭಯ. ಆಜ್ಞೆ ಕೊಟ್ಟವನ ಹೆಸರು ಹಿಂದೆ ಸರಿದು, ಒಂದು ಜನಾಂಗದ ಹೆಸರು ಮುಂದೆ ಬರುವುದು ಹೀಗೆ.

ಇವತ್ತಿನ ಬಳಕೆ

ಹೈದರಾಬಾದ್ ಮತ್ತು ಸ್ಪೇನ್ ಒಂದೇ ಅಲ್ಲ. ಸ್ಪೇನಿನಲ್ಲಿ ದಂಗೆಕೋರರು ಗೆದ್ದರು, ಇಲ್ಲಿ ನಿರಂಕುಶ ಆಡಳಿತ ಸೋತು ಪ್ರಜಾಪ್ರಭುತ್ವ ಬಂತು. ಇದು ದೊಡ್ಡ ವ್ಯತ್ಯಾಸ, ಇದನ್ನು ಮರೆಯಬಾರದು. ಸಾಮ್ಯ ಇರುವುದು ಸತ್ತವರ ವಿಷಯದಲ್ಲಿ. ಒಂದು ಕಡೆಯ ಸತ್ತವರಿಗೆ ಸ್ಮಾರಕ, ಇನ್ನೊಂದು ಕಡೆಯ ಸತ್ತವರಿಗೆ ಮೌನ. ಗೋರಟಾದ ಹುತಾತ್ಮ ಸ್ಮಾರಕವನ್ನು 2023ರ ಮಾರ್ಚ್‌ನಲ್ಲಿ ಗೃಹ ಸಚಿವ ಅಮಿತ್ ಶಾ ಉದ್ಘಾಟಿಸಿದರು. ಸ್ಮಾರಕ ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಧಾನಸಭಾ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. 2024ರ ಮಾರ್ಚ್‌ನಲ್ಲಿ 'ರಜಾಕಾರ್' ಎಂಬ ಸಿನಿಮಾ ಬಿಡುಗಡೆಯಾಯಿತು, ಆಗ ಲೋಕಸಭಾ ಚುನಾವಣೆಯ ಹೊತ್ತು. ಅದೇ ವರ್ಷ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಚುನಾವಣಾ ಪ್ರಚಾರಕ್ಕೆ ಬಂದ ಉತ್ತರಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್, ಖರ್ಗೆಯವರ ಮನೆ ಸುಟ್ಟ ಕಥೆಯನ್ನು ವೇದಿಕೆಗೆ ತಂದರು. ವೋಟಿನ ಆಸೆಯಿಂದ ಖರ್ಗೆ ಅದನ್ನು ಹೇಳುವುದಿಲ್ಲ ಎಂಬುದು ಅವರ ಆರೋಪ.

ಅದಕ್ಕೆ ಮಗ ಪ್ರಿಯಾಂಕ್ ಖರ್ಗೆ ಕೊಟ್ಟ ಉತ್ತರ ಇಡೀ ಚರ್ಚೆಗೆ ದಾರಿ ತೋರಿಸುವಂಥದ್ದು. ಆ ಕೃತ್ಯ ಮಾಡಿದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ ಎಂಬ ಅರ್ಥದ ಮಾತು. ತಾಯಿಯನ್ನು ಕಳೆದುಕೊಂಡ ಮನೆಯವರೇ ಈ ವ್ಯತ್ಯಾಸ ಕಾಣುತ್ತಾರೆ. ಏನೂ ಕಳೆದುಕೊಳ್ಳದವರು ಕಾಣುವುದಿಲ್ಲ.

ಕರಾವಳಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇತಿಹಾಸದ ಪ್ರಕಾರ ಯಾವ ಸಂಬಂಧವೂ ಇಲ್ಲ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬ್ಯಾರಿಗಳ ಅಜ್ಜಂದಿರು ಒಣಮೀನು, ಅಕ್ಕಿ, ಅಡಿಕೆ, ದೋಣಿ ಅಂತ ತಮ್ಮ ಪಾಡಿಗೆ ಇದ್ದವರು, ನಿಜಾಮನ ನಾಣ್ಯವನ್ನೂ ಕಂಡವರಲ್ಲ. ಆದರೂ ಫೇಸ್‌ಬುಕ್ಕಿನಲ್ಲಿ ಒಬ್ಬ ಮುಸ್ಲಿಂ ಹುಡುಗ ರಸ್ತೆ ಹೊಂಡದ ಬಗ್ಗೆ ಬರೆದರೂ ಕೆಳಗೆ 'ರಜಾಕಾರ' ಅಂತ ಬಿದ್ದಿರ್ತದೆ. ಸತ್ತವರ ಲೆಕ್ಕ ಬರೆಯದೆ ಬಿಟ್ಟದ್ದರ ಪರಿಣಾಮ ಇದು. ಒಂದು ಸಂಘಟನೆಯ ಹೆಸರು ಒಂದು ಸಮುದಾಯದ ಬೈಗುಳವಾಗಿದೆ.

ಇದಕ್ಕೆ ಉತ್ತರ ಕೊಡುವ ಭರದಲ್ಲಿ ಇನ್ನೊಂದು ತಪ್ಪು ಆಗ್ತಾ ಉಂಟು. ಬೈದವರಿಗೆ ತಿರುಗೇಟು ಅಂತ ನಿಜಾಮನನ್ನು ಹೀರೋ ಮಾಡುವುದು. ವಾಟ್ಸಾಪಿನಲ್ಲಿ ಓಡುವ ಒಂದು ಮೆಸೇಜ್ ನೋಡಿ: 1965ರಲ್ಲಿ ನಿಜಾಮ ದೇಶಕ್ಕೆ 5,000 ಕೆಜಿ ಚಿನ್ನ ದಾನ ಕೊಟ್ಟ ಅಂತ. ಮಾಹಿತಿ ಹಕ್ಕಿನಡಿ ಕೇಳಿದಾಗ ಹೊರಬಂದ ವಿಷಯ ಬೇರೆ. ಆತ ಇಟ್ಟದ್ದು 425 ಕೆಜಿ, ಅದೂ ದಾನವಲ್ಲ, ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡಿನಲ್ಲಿ ಶೇ. 6.5 ಬಡ್ಡಿಗೆ ಹೂಡಿಕೆ. ದಾನ ಯಾವುದು, ಠೇವಣಿ ಯಾವುದು ಅಂತ ಅಂಗಡಿ ನಡೆಸುವವರಿಗೆ ಬೇರೆ ಹೇಳಬೇಕಾಗಿಲ್ಲ. ಸುಳ್ಳಿಗೆ ಎದುರಾಗಿ ಇನ್ನೊಂದು ಸುಳ್ಳು ಇಟ್ಟರೆ ಮೊದಲ ಸುಳ್ಳು ಗಟ್ಟಿಯಾಗ್ತದೆಯೇ ಹೊರತು ಬೀಳುವುದಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ, ಆಸ್ಪತ್ರೆ, ರೈಲು ಕಟ್ಟಿಸಿದ್ದು ನಿಜ. ಬಿಟ್ಟಿ ಚಾಕರಿಯೂ ನಿಜ, ಚುನಾವಣೆ ಇಲ್ಲದ ಆಡಳಿತವೂ ನಿಜ. ಆತ ಮುಸ್ಲಿಮ್ ಆಗಿದ್ದ ಮಾತ್ರಕ್ಕೆ ಆತನ ಸಿಂಹಾಸನವನ್ನು ಇವತ್ತಿನ ಬಡ ಮುಸ್ಲಿಮರು ಹೆಗಲ ಮೇಲೆ ಹೊರಬೇಕಾಗಿಲ್ಲ.

ಉಳಿದ ಇನ್ನೊಂದು ಬಾಕಿ

ಘೋಷಣೆಗಳ ಗದ್ದಲದಲ್ಲಿ ಮುಳುಗಿಹೋಗುವ ನಿಜವಾದ ಆಸ್ತಿ-ಸಾಲದ ಪಟ್ಟಿ ಬೇರೆ ಉಂಟು. ಅದು ಹಿಂದುಳಿಯುವಿಕೆ. ಶಾಲೆಯಿಲ್ಲದ, ನೀರಾವರಿಯಿಲ್ಲದ ಹಳ್ಳಿಗಳನ್ನು ಹಳೆಯ ಆಡಳಿತ ಬಿಟ್ಟುಹೋಯಿತು, ಹೊಸ ಸರಕಾರಗಳು ನಿಧಾನ ಮಾಡಿದವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಕರ್ನಾಟಕದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಸಂವಿಧಾನದ 371(ಜೆ) ವಿಧಿ ಸಿಕ್ಕಿದ್ದು 98ನೇ ತಿದ್ದುಪಡಿಯ ನಂತರ, ಜಾರಿಗೆ ಬಂದದ್ದು 2013ರಲ್ಲಿ. 2019ರಲ್ಲಿ ಪ್ರದೇಶದ ಹೆಸರು 'ಕಲ್ಯಾಣ ಕರ್ನಾಟಕ' ಆಯಿತು. ಹೆಸರು ಬದಲಿಸಲು ಒಂದು ಆದೇಶ ಸಾಕು, ಶಾಲೆಗೆ ಮೇಷ್ಟ್ರು ಬರಲು ಆದೇಶ ಮಾತ್ರ ಸಾಕಾಗುವುದಿಲ್ಲ.

ಇಲ್ಲಿಯೂ ಮಾನೋಪಾಡು ನೆನಪಾಗ್ತದೆ. 1948ರಲ್ಲಿ ನಿಜಾಮನ ಆಡಳಿತದಲ್ಲಿಲ್ಲದ ಬಳ್ಳಾರಿಗೆ 371(ಜೆ) ಸಿಕ್ಕಿತು, ಅದು ಹಿಂದುಳಿದ ಜಿಲ್ಲೆ, ಸಿಗಲಿ. ಆದರೆ ಅದೇ ರಾಯಚೂರು ಜಿಲ್ಲೆಯ ತುಂಡಾಗಿದ್ದ ಗದ್ವಾಲ-ಆಲಂಪುರದ ಹಳ್ಳಿಗಳಿಗೆ ಗಡಿ ಗೆರೆ ಬೇರೆ ದಾರಿ ತೋರಿಸಿತು. ಪಾಲಮೂರು ಅಂದರೆ ವಲಸೆ ಕೂಲಿಗಳ ಜಿಲ್ಲೆ ಅಂತಲೇ ಹೆಸರಾಯಿತು. ಪಕ್ಕದ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು, ಕಚೇರಿಯ ಮಾತು ತೆಲುಗು. ರಾಯಚೂರು-ಗದ್ವಾಲ ನಡುವೆ ರೈಲು ಓಡಲು 2013ರ ತನಕ ಕಾಯಬೇಕಾಯಿತು. 'ವಿಮೋಚನೆ' ಅಂದರೆ ಏನು ಅಂತ ಅಲ್ಲಿನ ಕೂಲಿಯವನನ್ನು ಕೇಳಿದರೆ ಅವನು ಬಾವುಟದ ಬಗ್ಗೆ ಹೇಳುತ್ತಾನೋ, ಬಸ್ಸಿನ ಬಗ್ಗೆ ಹೇಳುತ್ತಾನೋ?

ಏನು ಮಾಡಬಹುದು

ಆರೋಪ ಪ್ರತ್ಯಾರೋಪ ಬಿಟ್ಟು ಆಗುವ ಕೆಲಸಗಳು ಕೆಲವು ಇವೆ.

ಮೊದಲನೆಯದು, ಸುಂದರ್‌ಲಾಲ್ ವರದಿಯನ್ನು ಸರಕಾರವೇ ಅಧಿಕೃತವಾಗಿ ಪ್ರಕಟಿಸಬೇಕು, ಕನ್ನಡ, ತೆಲುಗು, ಮರಾಠಿ, ಉರ್ದುವಿನಲ್ಲಿ. ಅದರ ಸಂಖ್ಯೆಗಳು ತಪ್ಪು ಅನ್ನುವವರು ತಮ್ಮ ದಾಖಲೆ ಪಕ್ಕದಲ್ಲಿ ಇಡಲಿ, ಓದುವವರು ನಿರ್ಧರಿಸಲಿ. ಎರಡನೆಯದು, ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಊರುವಾರು ಸತ್ತವರ ಪಟ್ಟಿ. ರಜಾಕಾರರಿಂದ ಸತ್ತವರದ್ದೂ, ಕಾರ್ಯಾಚರಣೆಯ ನಂತರ ಸತ್ತವರದ್ದೂ, ಒಂದೇ ಪುಸ್ತಕದಲ್ಲಿ. ಒಂದೇ ಕಡೆ ಬರೆದ ಲೆಕ್ಕ ಯಾವತ್ತೂ ಟ್ಯಾಲಿ ಆಗುವುದಿಲ್ಲ. ಕಲಬುರಗಿಯ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಿಗೆ ಇದಕ್ಕಿಂತ ದೊಡ್ಡ ಕೆಲಸ ಬೇರೆ ಯಾವುದುಂಟು?

ಮೂರನೆಯದು ಯುವಕರ ಕೈಯಲ್ಲೇ ಉಂಟು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ. ಅವರ ಮಾತು ರೆಕಾರ್ಡ್ ಮಾಡಲು ಸರಕಾರದ ಅನುದಾನ ಬೇಡ, ಕಿಸೆಯ ಮೊಬೈಲ್ ಸಾಕು. ಬೀದರ್, ಕಲಬುರಗಿ ಕಡೆಯ ಗೆಳೆಯರಿರುವ ವಿದ್ಯಾರ್ಥಿಗಳು ಎಷ್ಟೋ ಮಂದಿ. ಅವರ ಅಜ್ಜ-ಅಜ್ಜಿಯರನ್ನು ಕೂರಿಸಿ ಕೇಳಬಹುದು. ಹಿಂದೂ ಅಜ್ಜಿಯನ್ನೂ ಕೇಳಬೇಕು, ಮುಸ್ಲಿಂ ಅಜ್ಜಿಯನ್ನೂ ಕೇಳಬೇಕು. ಯಾರು ಹೊಡೆದರು ಅಂತ ಮಾತ್ರ ಅಲ್ಲ, ಯಾರು ಬಚ್ಚಿಟ್ಟು ಉಳಿಸಿದರು ಅಂತಲೂ ಕೇಳಬೇಕು. ಮಗ್ಗದ ನೇಕಾರರ ಕಥೆ ವರದಿಯಲ್ಲಿ ಬಂದದ್ದು ಯಾರೋ ಹೋಗಿ ಕೇಳಿದ್ದಕ್ಕೆ.

ಸ್ಪೇನಿನಲ್ಲಿ ಮೊಮ್ಮಕ್ಕಳು ಹೊಂಡ ತೆಗೆಸುವ ಹೊತ್ತಿಗೆ ಜಾಗ ತೋರಿಸಬೇಕಾದ ಎಷ್ಟೋ ಮುದುಕರು ತೀರಿಹೋಗಿದ್ದರು. ಎಷ್ಟೋ ಹೊಂಡಗಳ ಮೇಲೆ ರಸ್ತೆ, ಕಟ್ಟಡ ಎದ್ದಿದ್ದವು. ಇಲ್ಲಿಯೂ ಸಮಯ ಅಷ್ಟೇ ಕಡಿಮೆ. ಇನ್ನು ಹತ್ತು ವರ್ಷ ಕಳೆದರೆ ಸೆಪ್ಟೆಂಬರ್ 17ರಂದು ಭಾಷಣ ಮಾಡುವವರು ಮಾತ್ರ ಉಳಿಯುತ್ತಾರೆ, ಅದನ್ನು ಕಂಡವರು ಇರುವುದಿಲ್ಲ.

ಮುಂದಿನ ಸಲ ಯಾರಾದರೂ 'ರಜಾಕಾರ' ಅಂತ ಬೈದರೆ ಸಿಟ್ಟಾಗಿ ನಿಜಾಮನ ಫೋಟೊ ಹಾಕುವ ಬದಲು ಶೋಯೆಬುಲ್ಲಾ ಖಾನ್ ಹೆಸರು ಹೇಳಲಿ. ಗೋರಟಾದಲ್ಲಿ ಸತ್ತವರಿಗೂ ತಲೆಬಾಗಲಿ, ಗುಲ್ಬರ್ಗಾದ ಹೆಸರಿಲ್ಲದ ಗೋರಿಗಳ ಬಗ್ಗೆಯೂ ಕೇಳಲಿ. ಎರಡನ್ನೂ ಒಟ್ಟಿಗೆ ಹೇಳುವವರ ಮಾತನ್ನು ಒಂದು ಬೈಗುಳದಿಂದ ಬಾಯಿ ಮುಚ್ಚಿಸಲು ಆಗುವುದಿಲ್ಲ.